ಮಗಳು ಊಟ ಬಿಟ್ಟಿದ್ದಾಳೆ, ಹಠ ಅಂತ ಸುಮ್ನಿರಬೇಡಿ

ಪ್ರಶ್ನೆ: ಡಾಕ್ಟ್ರೇ, ನಾವು ಉಡುಪಿ ಹತ್ತಿರದವರು. ಮಗಳಿಗೆ 16 ವರ್ಷ, ಫಸ್ಟ್ ಪಿಯುಸಿ ಸೈನ್ಸ್. ಐದು ತಿಂಗಳ ಹಿಂದೆ 54 ಕೆಜಿ ಇದ್ದವಳು ಈಗ 43. ಒಂದು ಮದುವೆ ಮನೆಯಲ್ಲಿ ಯಾರೋ "ಒಳ್ಳೆ ಗುಂಡಗಾಗಿದ್ದಿ ಮಾರಾಯ್ತಿ" ಅಂದಿದ್ದರು, ಆಮೇಲೆ ಶುರುವಾಯಿತು. ಮೊದಲು ಅನ್ನ ಬಿಟ್ಟಳು, ನಂತರ ಎಣ್ಣೆ, ತೆಂಗಿನಕಾಯಿ. ಒಂದು ನೀರ್‌ದೋಸೆಯನ್ನು ಚೂರು ಚೂರು ಮಾಡಿ ಮುಕ್ಕಾಲು ಗಂಟೆ ಕೂರುತ್ತಾಳೆ. ಏಕಾದಶಿ ಜೊತೆ ಈಗ ಸೋಮವಾರ, ಶನಿವಾರವೂ ಉಪವಾಸ. ತಮ್ಮನಿಗೆ ಮಾತ್ರ ಬನ್ಸ್, ಕೇಕ್ ಅಂತ ದಿನಾ ಏನಾದರೂ ಮಾಡಿ ಕೊಡುತ್ತಾಳೆ, ತಾನು ಬಾಯಿಗೆ ಹಾಕುವುದಿಲ್ಲ. ಮೂರು ತಿಂಗಳಿಂದ ಮುಟ್ಟಾಗಿಲ್ಲ. ಈ ಸೆಕೆಯಲ್ಲೂ ಚಳಿ ಅನ್ನುತ್ತಾಳೆ. ಹತ್ತಿರದ ಡಾಕ್ಟ್ರು ರಕ್ತ ಪರೀಕ್ಷೆ ಮಾಡಿಸಿ ನಾರ್ಮಲ್ ಇದೆ ಅಂತ ಟಾನಿಕ್ ಕೊಟ್ಟರು. ಅತ್ತೆ ದೃಷ್ಟಿ ತಾಗಿದೆ ಅನ್ನುತ್ತಾರೆ. ಇವರು "ಎರಡು ಬಾರಿಸಿದರೆ ಸರಿಯಾಗ್ತದೆ" ಅನ್ನುತ್ತಾರೆ. ಮುಂದಿನ ತಿಂಗಳು ನಾದಿನಿಯ ಮದುವೆ, ಅವಳನ್ನು ಕರೆದುಕೊಂಡು ಹೋಗಲು ಹೆದರಿಕೆ. ಇದು ಹಠವಾ, ಕಾಯಿಲೆಯಾ? ನಾನು ಎಲ್ಲಿ ತಪ್ಪಿದೆ?

ಉತ್ತರ:

ಅಮ್ಮಾ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ನೀವು ಎಲ್ಲೂ ತಪ್ಪಿಲ್ಲ. ಅಪ್ಪ ಅಮ್ಮನ ತಪ್ಪಿನಿಂದ ಬರುವ ಕಾಯಿಲೆ ಇದಲ್ಲ. ಹೌದು, ಇದು ಕಾಯಿಲೆಯೇ. ಹಠ ಅಲ್ಲ, ಫ್ಯಾಷನ್ ಅಲ್ಲ, ಪಿಯುಸಿ ಟೆನ್ಷನ್ ಅಂತ ತಳ್ಳಿಹಾಕುವಂಥದ್ದೂ ಅಲ್ಲ. ನೀವು ಬರೆದದ್ದನ್ನು ಓದಿದರೆ ಅನೊರೆಕ್ಸಿಯಾ ನರ್ವೋಸಾ, ಅಂದರೆ ದಪ್ಪಗಾಗುವ ಹೆದರಿಕೆಯಿಂದ ಊಟ ಬಿಡುತ್ತಾ ಹೋಗುವ ಕಾಯಿಲೆಯ ಲಕ್ಷಣಗಳು ಸ್ಪಷ್ಟವಾಗಿ ಕಾಣುತ್ತವೆ. ಕಾಗದ ಓದಿ ಕಾಯಿಲೆ ಇದೇ ಅಂತ ಮೊಹರು ಒತ್ತಲಾಗದು, ಅವಳನ್ನು ನೋಡಿಯೇ ಹೇಳಬೇಕು. ಆದರೆ ಐದು ತಿಂಗಳಲ್ಲಿ 11 ಕೆಜಿ, ಅಂದರೆ ಅವಳ ತೂಕದ ಐದರಲ್ಲೊಂದು ಪಾಲು ಹೋಗಿದೆ. ಹೆಸರು ಏನಾದರೂ ಇರಲಿ, ಇಷ್ಟು ತೂಕ ಇಳಿದ ಮೇಲೆ ಕಾಯುವಂತಿಲ್ಲ. ಈ ವಾರವೇ ತೋರಿಸಿ. ಮಾನಸಿಕ ಕಾಯಿಲೆಗಳಲ್ಲಿ ಜೀವಕ್ಕೆ ಅತಿ ಹೆಚ್ಚು ಅಪಾಯ ತರುವ ಕಾಯಿಲೆಗಳ ಸಾಲಿನಲ್ಲಿ ಇದೂ ಒಂದು. ಬೇಗ ಹಿಡಿದರೆ ಹರೆಯದ ಮಕ್ಕಳು ಚೆನ್ನಾಗಿ ಗುಣವಾಗುತ್ತಾರೆ, ಅದೂ ಅಷ್ಟೇ ನಿಜ.

"ರಕ್ತ ನಾರ್ಮಲ್" ಅನ್ನುವ ಮಾತು ಎಷ್ಟೋ ಮನೆಗಳಲ್ಲಿ ತಿಂಗಳುಗಟ್ಟಲೆ ಸಮಯ ತಿಂದಿದೆ. ಹಸಿದ ಶರೀರ ಸ್ನಾಯು ಕರಗಿಸಿ, ಮೂಳೆ ಸವೆಸಿ, ರಕ್ತದ ಲೆಕ್ಕವನ್ನು ಮಾತ್ರ ಕೊನೆಯವರೆಗೂ ಸರಿಯಾಗಿ ಇಟ್ಟುಕೊಳ್ಳಲು ನೋಡುತ್ತದೆ. ಹಾಗಾಗಿ ರಿಪೋರ್ಟ್ ಚೆನ್ನಾಗಿದ್ದರೂ ಮಗು ಚೆನ್ನಾಗಿರಬೇಕು ಅಂತ ಇಲ್ಲ. ನಾಳೆ ಬೆಳಿಗ್ಗೆ ಅವಳು ಹಾಸಿಗೆಯಿಂದ ಏಳುವ ಮೊದಲು ಪಕ್ಕದಲ್ಲಿ ಕೂತು ಮಣಿಕಟ್ಟಿನಲ್ಲಿ ನಾಡಿ ಹಿಡಿಯಿರಿ. ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಿ. 50ಕ್ಕಿಂತ ಕಡಿಮೆ ಬಂದರೆ ಅಪಾಯಿಂಟ್‌ಮೆಂಟ್ ಅಂತ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ತಲೆ ತಿರುಗಿ ಬಿದ್ದರೆ, ಎದೆ ನೋವು ಅಂದರೆ, ನೀರನ್ನೂ ಬಿಟ್ಟರೆ, ವಾಂತಿಯಲ್ಲಿ ರಕ್ತ ಕಂಡರೆ, "ಬದುಕಿ ಏನು ಪ್ರಯೋಜನ" ಅನ್ನುವಂಥ ಮಾತು ಬಂದರೆ ರಾತ್ರಿಯಾದರೂ ಹೊರಡಿ.

ಆಸ್ಪತ್ರೆಯಲ್ಲಿ ಟಾನಿಕ್ ಕೇಳಬೇಡಿ. ಇಸಿಜಿ ಮಾಡಿಸಿ, ಮಲಗಿದಾಗ ಮತ್ತು ನಿಂತಾಗ ನಾಡಿ, ಬಿಪಿ ನೋಡಿ, ಪೊಟಾಶಿಯಂ, ಫಾಸ್ಫರಸ್, ಮೆಗ್ನೀಶಿಯಂ, ಸಕ್ಕರೆ, ಥೈರಾಯ್ಡ್ ನೋಡಿ ಅಂತ ನೀವೇ ಬಾಯಿ ಬಿಟ್ಟು ಹೇಳಿ. ಹಳೆಯ ತೂಕ ಎಷ್ಟಿತ್ತು ಅನ್ನುವುದನ್ನು ಮರೆಯದೆ ತಿಳಿಸಿ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಮೊದಲು ದಪ್ಪ ಇದ್ದ ಮಗು ತುಂಬಾ ತೂಕ ಕಳೆದುಕೊಂಡರೂ ನೋಡಲು "ಸರಿಯಾಗೇ" ಕಾಣುತ್ತದೆ, ಎಲ್ಲರೂ ಭೇಷ್ ಅನ್ನುತ್ತಾರೆ, ಒಳಗೆ ಹೃದಯ ಮಾತ್ರ ನಿಧಾನವಾಗುತ್ತಾ ಹೋಗುತ್ತದೆ. ಎಲುಬು ಕಂಡರೆ ಮಾತ್ರ ಕಾಯಿಲೆ ಅನ್ನುವುದು ತಪ್ಪು ತಿಳುವಳಿಕೆ.

ಮುಟ್ಟು ನಿಂತದ್ದಕ್ಕೂ ಇದೇ ಕಾರಣ ಇರುವ ಸಾಧ್ಯತೆ ಜಾಸ್ತಿ. ಸಾಕಷ್ಟು ಶಕ್ತಿ ಸಿಗದಿದ್ದಾಗ ಶರೀರ ಮೊದಲು ನಿಲ್ಲಿಸುವ ಕೆಲಸಗಳಲ್ಲಿ ಅದೂ ಒಂದು. ಮುಟ್ಟು ಬರಿಸಲು ಮಾತ್ರೆ ಕೊಡಿ ಅಂತ ಕೇಳಬೇಡಿ. ಮಾತ್ರೆಯಿಂದ ರಕ್ತಸ್ರಾವ ಆಗಬಹುದು, ಆದರೆ ಮೂಳೆಗೆ ಬೇಕಾದದ್ದು ಸಿಗುವುದಿಲ್ಲ. ಎಲ್ಲ ಸರಿಹೋಯಿತು ಅಂತ ನಮಗೆ ಸುಮ್ನೆ ಅನಿಸುತ್ತದೆ, ಅಷ್ಟೇ. ಮೂಳೆ ಗಟ್ಟಿಯಾಗುವ ವಯಸ್ಸು ಇದೇ, ಈಗ ಕಳೆದುಕೊಂಡದ್ದನ್ನು ಆಮೇಲೆ ತುಂಬಿಸುವುದು ಕಷ್ಟ.

ಈಗ ನಿಮಗೆ ಒಗಟಾಗಿ ಕಾಣುವ ವಿಷಯಕ್ಕೆ ಬರುತ್ತೇನೆ. ತಾನು ತಿನ್ನದವಳು ತಮ್ಮನಿಗೆ ಯಾಕೆ ಬನ್ಸ್ ಕರಿಯುತ್ತಾಳೆ? ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944ರಿಂದ 45ರವರೆಗೆ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ಮಾಡಿದರು. ತಾವಾಗಿ ಮುಂದೆ ಬಂದ 36 ಗಟ್ಟಿಮುಟ್ಟು ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಅವರಿಗೆ ಯಾರಿಗೂ ತೆಳ್ಳಗಾಗುವ ಆಸೆ ಇರಲಿಲ್ಲ. ಆದರೂ ಏನಾಯಿತು ನೋಡಿ. ಇದ್ದ ಸ್ವಲ್ಪ ಊಟವನ್ನು ಗಂಟೆಗಟ್ಟಲೆ ಎಳೆದರು, ಅಡುಗೆ ಪುಸ್ತಕ ಓದಿದರು, ಪಾಕವಿಧಾನ ಸಂಗ್ರಹಿಸಿದರು, ಸಣ್ಣದಕ್ಕೆಲ್ಲ ಸಿಡುಕಿದರು, ಯಾರ ಸಹವಾಸವೂ ಬೇಡ ಅಂದರು, ಸದಾ ಚಳಿ ಅಂದರು. ನಿಮ್ಮ ಮಗಳ ಕಥೆಯೇ ಅಲ್ವಾ?

ಅಂದರೆ ನೀವು ಅವಳ ಸ್ವಭಾವ ಅಂದುಕೊಂಡ ಎಷ್ಟೋ ವಿಷಯ ಹಸಿವಿನ ಕೆಲಸ. ಹಸಿದ ಮಿದುಳು ಊಟದ ಸುತ್ತಲೇ ಗಾಣದೆತ್ತಿನಂತೆ ಸುತ್ತುತ್ತದೆ. ಅದಕ್ಕೇ "ಮೊದಲು ಅವಳಿಗೆ ಬುದ್ಧಿ ಬರಲಿ, ಆಮೇಲೆ ತಿಂತಾಳೆ" ಅಂತ ಕಾದರೆ ಬುದ್ಧಿ ಬರುವುದೇ ಇಲ್ಲ. ಮೊದಲು ಊಟ. ತೂಕ ಏರಿದ ಮೇಲೆ ನಿಧಾನವಾಗಿ ಮನಸ್ಸು ಸಡಿಲವಾಗುತ್ತದೆ. ಇಡೀ ಉತ್ತರದಲ್ಲಿ ನಾನು ಒಂದೇ ಮಾತು ಹೇಳಬೇಕಾದರೆ ಇದನ್ನೇ ಹೇಳುತ್ತೇನೆ: ಅವಳಿಗೆ ಊಟವೇ ಮದ್ದು, ಆ ಮದ್ದನ್ನು ಕೊಡುವವರು ನೀವು.

ಹರೆಯದ ಮಕ್ಕಳಿಗೆ ಈಗ ಹೆಚ್ಚು ನಂಬಿಕೆಯ ಚಿಕಿತ್ಸೆಯೂ ಇದೇ ದಾರಿಯದ್ದು. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಕುಟುಂಬ ಚಿಕಿತ್ಸೆ ಅದು. ಅದರಲ್ಲಿ ಅಪ್ಪ ಅಮ್ಮನನ್ನು ಹೊರಗೆ ಕೂರಿಸುವುದಿಲ್ಲ, ಅವರ ಕೈಯಲ್ಲೇ ಬಟ್ಟಲು ಕೊಡುತ್ತಾರೆ. ಮೊದಲ ಹಂತದಲ್ಲಿ ಏನು, ಎಷ್ಟು, ಯಾವಾಗ ಅನ್ನುವುದೆಲ್ಲ ಅಪ್ಪ ಅಮ್ಮನ ತೀರ್ಮಾನ. ತೂಕ ಹತ್ತಿದ ಮೇಲೆ ಸ್ವಲ್ಪ ಸ್ವಲ್ಪವೇ ಮಗಳ ಕೈಗೆ ಬಿಡುವುದು. ಕೊನೆಗೆ ಓದು, ಸ್ನೇಹ, ಮುಂದಿನ ಬದುಕಿನ ಮಾತು. ನಮ್ಮೂರಿನಲ್ಲಿ ಇದನ್ನೇ ಕಲಿತು ಮಾಡುವವರು ಕಡಿಮೆ, ನಿಜ. ಆದರೆ ಮನೆಮಂದಿ ಸೇರಿ ಊಟ ಮಾಡಿಸುವುದು ನಮಗೆ ಹೊಸತಲ್ಲ. ದಾರಿಯಲ್ಲಿ ಸಿಕ್ಕಿದವರನ್ನು "ಒಣಸ್ ಆಂಡಾ" (ಊಟ ಆಯಿತಾ) ಅಂತ ತುಳುವಿನಲ್ಲಿ ಕೇಳುವ ಊರು ನಮ್ಮದು.

ಒಂದು ಎಚ್ಚರಿಕೆ. ತುಂಬಾ ದಿನ ಸರಿಯಾಗಿ ತಿನ್ನದವರಿಗೆ ಒಮ್ಮೆಲೇ ಜಾಸ್ತಿ ತಿನ್ನಿಸಿದರೆ ರಕ್ತದಲ್ಲಿ ಫಾಸ್ಫರಸ್ ಇಳಿದು ಹೃದಯದ ಬಡಿತ ಏರುಪೇರಾಗಬಹುದು. ಅದಕ್ಕೇ ಮೊದಲ ಒಂದೆರಡು ವಾರ ಎಷ್ಟು ಕೊಡಬೇಕು ಅನ್ನುವುದನ್ನು ಡಾಕ್ಟ್ರು ಹೇಳಲಿ, ಬೇಕಾದರೆ ಅಡ್ಮಿಟ್ ಮಾಡಲಿ. ಆದರೆ ಈ ಹೆದರಿಕೆಯಲ್ಲೇ ತಿಂಗಳುಗಟ್ಟಲೆ ಅರ್ಧ ಇಡ್ಲಿಯಲ್ಲಿ ನಿಲ್ಲಬೇಡಿ.

ಮನೆಯಲ್ಲಿ ಹೇಗೆ ಮಾಡುವುದು? ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ಸಲ ತಿಂಡಿ. ಹೊತ್ತು ಗೊತ್ತಿರಲಿ. ಬಡಿಸುವುದು ನೀವು, ಅವಳಲ್ಲ. ಕೆಲವು ತಿಂಗಳು ಅವಳನ್ನು ಅಡುಗೆಮನೆಯಿಂದ ದೂರ ಇಡಿ, ತಮ್ಮನ ಬನ್ಸ್ ನೀವೇ ಮಾಡಿ. ಅವಳಿಗೆ ಬೇಕಾದದ್ದು ಪೇಟೆಯ ಪೌಡರ್ ಡಬ್ಬ ಅಲ್ಲ, ನಮ್ಮ ಮನೆಯ ಊಟವೇ. ಕುಚ್ಚಲಕ್ಕಿ ಗಂಜಿಗೆ ಒಂದು ಚಮಚ ತುಪ್ಪ, ಕಾಯಿಹಾಲು ಹಾಕಿದ ಪದಾರ್ಥ, ನೀರ್‌ದೋಸೆ ಜೊತೆ ಕಾಯಿಬೆಲ್ಲ, ಮನೆಯಲ್ಲಿ ತಿನ್ನುವವರಾದರೆ ಮೀನು, ಮೊಟ್ಟೆ. ಸಣ್ಣ ಬಟ್ಟಲಿನಲ್ಲಿ ಜಾಸ್ತಿ ಶಕ್ತಿ ಇರುವ ಊಟ ಕೊಡಿ, ಯಾಕೆಂದರೆ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ, ನಾಲ್ಕು ತುತ್ತಿಗೇ ಹೊಟ್ಟೆ ಉಬ್ಬರಿಸುತ್ತದೆ ಅನ್ನುವುದು ಅವಳ ನಾಟಕ ಅಲ್ಲ.

ನನ್ನ ಹತ್ತಿರ ಬಂದಿದ್ದ ಒಬ್ಬ ಹುಡುಗಿ ಗೋಳಿಬಜೆಯನ್ನು ಪೇಪರಿನಲ್ಲಿಟ್ಟು ಒತ್ತುತ್ತಿದ್ದಳು. ಎಣ್ಣೆ ಹೀರಿದ ಪೇಪರನ್ನು ಬೆಳಕಿಗೆ ಹಿಡಿದು ನೋಡಿ, ಮಡಚಿ, ಮತ್ತೊಮ್ಮೆ ಒತ್ತುತ್ತಿದ್ದಳು. ಅವಳಮ್ಮ ಅದನ್ನು ನೋಡಿ ಅಳುತ್ತಿದ್ದರು, ಆಮೇಲೆ ಬೈಯುತ್ತಿದ್ದರು, ಎರಡರಿಂದಲೂ ಏನೂ ಆಗಲಿಲ್ಲ. ಕೊನೆಗೆ ಅವರು ಪಕ್ಕದಲ್ಲಿ ಕೂತು ಮೆತ್ತಗೆ ಹೇಳಿದ್ದು ಇಷ್ಟೇ: "ಪೇಪರ್ ಕೊಡು ಮಗಾ. ನಿಂಗೆ ಹೆದರಿಕೆ ಆಗ್ತಿದೆ ಅಂತ ಗೊತ್ತು. ನಾನಿಲ್ಲೇ ಇದ್ದೇನೆ. ತಿನ್ನು." ಆ ಒಂದು ಬಜೆಗೆ ಅರ್ಧ ಗಂಟೆ ಬೇಕಾಯಿತು. ಮರುದಿನವೂ ಹಾಗೇ. ಆದರೆ ಅಮ್ಮ ಎದ್ದು ಹೋಗಲಿಲ್ಲ.

ಮಾತು ಅಷ್ಟು ಸಾಕು. ಬಟ್ಟಲಿನ ಮುಂದೆ ಕ್ಯಾಲರಿ ಚರ್ಚೆ ಬೇಡ, ಚೌಕಾಸಿ ಬೇಡ, "ನಿಂಗೆ ಏನು ಕಮ್ಮಿ ಮಾಡಿದ್ದೇವೆ", "ಊಟ ಇಲ್ಲದ ಮಕ್ಕಳು ಎಷ್ಟಿದ್ದಾರೆ" ಅನ್ನುವ ಮಾತು ಬೇಡವೇ ಬೇಡ. ಅವಳಿಗೆ ನಾಚಿಕೆ ಈಗಾಗಲೇ ಬೇಕಾದಷ್ಟಿದೆ. ಅವಳು ಬೈಯಬಹುದು, ಬಟ್ಟಲು ಎಸೆಯಬಹುದು, "ನೀವು ನನ್ನನ್ನು ಹಾಳು ಮಾಡ್ತಿದ್ದೀರಿ" ಅನ್ನಬಹುದು. ಅದು ಹೆದರಿಕೆಯ ಮಾತು, ನಿಮ್ಮ ಮಗಳ ಮಾತು ಅಲ್ಲ ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಊಟ ಆದ ಮೇಲೆ ಒಂದು ಗಂಟೆ ಜೊತೆಗಿರಿ. ಕೇರಂ ಆಡಿ, ಸೀರಿಯಲ್ ನೋಡಿ, ಏನಾದರೂ ಸರಿ. ಆ ಹೊತ್ತಿನಲ್ಲಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನಲ್ಲಿ ಜೋರಾಗಿ ಬಿಡುತ್ತಾಳಾ, ಬೆರಳ ಗಂಟಿನ ಮೇಲೆ ಗಾಯ ಇದೆಯಾ, ಕೆನ್ನೆಯ ಕೆಳಗೆ ಊದಿದೆಯಾ ನೋಡಿಕೊಳ್ಳಿ. ಇದ್ದರೆ ವಾಂತಿ ಮಾಡಿಕೊಳ್ಳುತ್ತಿರಬಹುದು, ಡಾಕ್ಟ್ರಿಗೆ ಹೇಳಿ, ಯಾಕೆಂದರೆ ವಾಂತಿಯಿಂದ ಪೊಟಾಶಿಯಂ ಇಳಿಯುತ್ತದೆ.

ಕಾಲೇಜಿನ ಬುತ್ತಿಯ ವಿಷಯವೂ ಇದೆ. ಅದನ್ನು ಯಾರಾದರೂ ನೋಡಿಕೊಳ್ಳಬೇಕು. ನಂಬಿಕೆಯ ಒಬ್ಬ ಲೆಕ್ಚರರ್ ಹತ್ತಿರ ಮಾತಾಡಿ, ಸ್ಟಾಫ್ ರೂಮಿನಲ್ಲಿ ಕೂರಿಸಿ ಊಟ ಮಾಡಿಸಲು ಆಗುತ್ತದಾ ಕೇಳಿ. ಆಗದಿದ್ದರೆ ಮಧ್ಯಾಹ್ನ ನೀವೇ ಹೋಗಿ. ಅದೂ ಆಗದಿದ್ದರೆ ಕೆಲವು ವಾರ ರಜೆ ಹಾಕಿಸಿ. ಮೆಡಿಕಲ್ ಸರ್ಟಿಫಿಕೇಟ್ ಕೊಟ್ಟು ಅಟೆಂಡೆನ್ಸ್ ವಿಷಯ ಮಾತಾಡಬಹುದು. ನೀಟ್ ಕೋಚಿಂಗ್ ತಪ್ಪುತ್ತದೆ ಅಂತ ಅಪ್ಪಂದಿರು ಹೆದರುತ್ತಾರೆ, ನನಗೆ ಅರ್ಥವಾಗುತ್ತದೆ, ಆದರೆ ಹಸಿದ ಮಿದುಳಿಗೆ ಓದಿದ್ದು ಹತ್ತುವುದೂ ಇಲ್ಲ. ಡ್ಯಾನ್ಸ್, ಜಾಗಿಂಗ್, ಕೋಣೆಯೊಳಗಿನ ವ್ಯಾಯಾಮ ಎಲ್ಲವೂ ಡಾಕ್ಟ್ರು ಹೂಂ ಅನ್ನುವವರೆಗೆ ಬಂದ್.

ಉಪವಾಸದ ಬಗ್ಗೆ ನೀವು ಸ್ವಲ್ಪ ಸಂಕೋಚದಿಂದಲೇ ಬರೆದಂತಿದೆ. ಕೃಷ್ಣ ಮಠದ ಊರಿನಲ್ಲಿ ಏಕಾದಶಿ ಬೇಡ ಅನ್ನುವುದು ಹೇಗೆ ಅಂತ. ಆದರೆ ಮಕ್ಕಳಿಗೆ, ಕಾಯಿಲೆಯವರಿಗೆ ಉಪವಾಸದಲ್ಲಿ ವಿನಾಯಿತಿ ಇದೆ ಅಂತ ನಮ್ಮ ಹಿರಿಯರೇ ಹೇಳುತ್ತಾರಲ್ವಾ. ರಂಜಾನಿನಲ್ಲೂ ಕಾಯಿಲೆಯವರಿಗೆ ವಿನಾಯಿತಿ ಇದೆ. ಭಕ್ತಿಯ ಹೆಸರಿನಲ್ಲಿ ಊಟ ಬಿಡುವುದು ಈ ಕಾಯಿಲೆಗೆ ಒಳ್ಳೆಯ ಮರೆ, ಯಾರೂ ಪ್ರಶ್ನೆ ಮಾಡುವುದಿಲ್ಲ. ಈ ಮಾತನ್ನು ಅತ್ತೆಯವರ ಬಾಯಿಂದಲೇ ಹೇಳಿಸಿ: "ದೇವರಿಗೆ ನಿನ್ನ ಉಪವಾಸ ಬೇಡ ಪುಟ್ಟಾ, ನೀನು ಚೆನ್ನಾಗಿರುವುದು ಬೇಕು." ಅಜ್ಜಿ ಹೇಳಿದರೆ ಅದರ ತೂಕವೇ ಬೇರೆ. ದೃಷ್ಟಿ ತೆಗೆಯುವುದಕ್ಕೆ ನೀವು ಜಗಳ ಮಾಡಬೇಡಿ, ತೆಗೆಯಲಿ. ಚಿಕಿತ್ಸೆ ಮಾತ್ರ ನಿಲ್ಲಬಾರದು. ಅಜ್ಜಿಗೆ ಒಂದು ಕೆಲಸ ಕೊಡಿ, ಸಂಜೆಯ ತಿಂಡಿಗೆ ಮೊಮ್ಮಗಳ ಪಕ್ಕ ಅವರೇ ಕೂರಲಿ.

ನಿಮ್ಮ ಯಜಮಾನರಿಗೂ ಒಂದು ಮಾತು. ಸಾರ್, ಮಗಳ ಮೇಲೆ ನಿಮಗಿರುವ ಸಿಟ್ಟಿನ ಕೆಳಗೆ ಹೆದರಿಕೆ ಇದೆ ಅಂತ ನನಗೆ ಗೊತ್ತು. ಹೊಡೆದರೆ ಅವಳು ಒಂದು ತುತ್ತು ನುಂಗಬಹುದು, ಆಮೇಲೆ ನಿಮ್ಮಿಂದ ಎಲ್ಲವನ್ನೂ ಮುಚ್ಚಿಡುತ್ತಾಳೆ. ಅಮ್ಮ ಗಟ್ಟಿಯಾಗಿ ನಿಂತಾಗ "ಇವತ್ತೊಂದು ದಿನ ಬಿಟ್ಟುಬಿಡು" ಅಂತ ನೀವು ಅಂದರೂ ಕೆಟ್ಟಿತು. ಇಬ್ಬರದ್ದೂ ಒಂದೇ ಮಾತಾಗಿರಬೇಕು, ಅದೇ ಈಗ ಅವಳಿಗೆ ಆಸರೆ.

ಮೊಬೈಲ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪೆಸಿಫಿಕ್ ಸಾಗರದ ಫಿಜಿ ದ್ವೀಪದಲ್ಲಿ ಮೈಕೈ ತುಂಬಿಕೊಂಡಿರುವುದೇ ಚಂದ ಅನ್ನುವ ಕಾಲ ಇತ್ತು, ನಮ್ಮ ಅಜ್ಜಿಯಂದಿರ ಹಾಗೆ. ಅಲ್ಲಿನ ಒಂದು ಭಾಗಕ್ಕೆ 1995ರಲ್ಲಿ ಟಿವಿ ಬಂತು. ಆಗ ತೂಕ ಇಳಿಸಲು ವಾಂತಿ ಮಾಡಿಕೊಳ್ಳುತ್ತೇನೆ ಅಂದ ಶಾಲಾ ಹುಡುಗಿಯರು ಒಬ್ಬರೂ ಇರಲಿಲ್ಲ. ಮೂರು ವರ್ಷ ಕಳೆದು 1998ರಲ್ಲಿ ಆನ್ ಬೆಕರ್ ಎಂಬ ಸಂಶೋಧಕಿ ಕೇಳಿದಾಗ ನೂರರಲ್ಲಿ 11 ಹುಡುಗಿಯರು ಹೌದು ಅಂದರು. ಅದು ಬರೀ ಟಿವಿ. ನಿಮ್ಮ ಮಗಳ ಕೈಯಲ್ಲಿರುವುದು ಅವಳು ಒಮ್ಮೆ ನಿಂತು ನೋಡಿದ್ದನ್ನೇ ಮತ್ತೆ ಮತ್ತೆ ತೋರಿಸುವ ಯಂತ್ರ. ಹಾಗಂತ ಕಿತ್ತುಕೊಳ್ಳಬೇಡಿ, ಅವಳ ಸ್ನೇಹಿತರೂ ಅದರಲ್ಲೇ ಇದ್ದಾರೆ. ಪಕ್ಕದಲ್ಲಿ ಕೂತು, ಡಯಟ್ ವಿಡಿಯೊ, ಸೊಂಟದ ಅಳತೆ ತೋರಿಸುವ ಖಾತೆಗಳನ್ನು ಅವಳ ಕೈಯಿಂದಲೇ ತೆಗೆಸಿ. ಊಟದ ಹೊತ್ತಿಗೆ ಮನೆಯ ಎಲ್ಲರ ಫೋನೂ ಬೇರೆ ಕೋಣೆಯಲ್ಲಿರಲಿ, ನಿಮ್ಮದೂ ಸೇರಿ.

ತಮ್ಮನ ಮೇಲೂ ಒಂದು ಕಣ್ಣಿಡಿ. ಗಂಡುಮಕ್ಕಳಿಗೆ ಇದು ಬರುವುದಿಲ್ಲ ಅನ್ನುವುದು ಸುಳ್ಳು. ಅವರಲ್ಲಿ ಎಷ್ಟೋ ಸಲ ಬೇರೆ ರೂಪದಲ್ಲಿ ಬರುತ್ತದೆ. ಅಷ್ಟಮಿಗೋ ದಸರಾಕ್ಕೋ ಹುಲಿವೇಷ ಹಾಕಬೇಕು, ಬಣ್ಣ ಬಳಿದಾಗ ಹೊಟ್ಟೆಯ ಸ್ನಾಯು ಎದ್ದು ಕಾಣಬೇಕು ಅಂತ ಅನ್ನ ಬಿಟ್ಟು, ಡಬ್ಬದ ಪೌಡರ್ ತಿಂದು, ಜಿಮ್ ಒಂದು ದಿನ ತಪ್ಪಿದರೆ ಒದ್ದಾಡುವ ಹುಡುಗರನ್ನು ನಾನು ನೋಡಿದ್ದೇನೆ. ಹುಲಿವೇಷ ನಮ್ಮ ಹೆಮ್ಮೆ, ಅದು ಬೇಡ ಅನ್ನುತ್ತಿಲ್ಲ. ಹೊಟ್ಟೆ ಇರುವ ಹುಲಿಗಳೂ ಚೆನ್ನಾಗಿಯೇ ಕುಣಿಯುತ್ತವೆ, ನೋಡಿದ್ದೀರಲ್ಲ.

ಎಲ್ಲಿ ತೋರಿಸುವುದು? ಮಣಿಪಾಲ, ಮಂಗಳೂರಿನ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಮಕ್ಕಳ ವಿಭಾಗ, ಮನೋವೈದ್ಯ ವಿಭಾಗ ಎರಡೂ ಒಂದೇ ಕಡೆ ಸಿಗುತ್ತವೆ. ಈ ಕಾಯಿಲೆಗೆ ಎರಡೂ ಬೇಕು, ಡಯಟೀಶಿಯನ್ ಸಹ. ಖರ್ಚಿನ ಚಿಂತೆ ಇದ್ದರೆ ಉಡುಪಿಯ ಜಿಲ್ಲಾಸ್ಪತ್ರೆಯಲ್ಲಿ, ಮಂಗಳೂರಿನ ವೆನ್ಲಾಕ್ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಜಾಸ್ತಿ ಕಷ್ಟವಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳು ಮತ್ತು ಹರೆಯದವರ ಪ್ರತ್ಯೇಕ ವಿಭಾಗವೇ ಇದೆ. ರಾತ್ರಿ ಹೊತ್ತು ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮನೋವೈದ್ಯರ ಹತ್ತಿರ ಹೋದದ್ದು ಊರಿಗೆ ಗೊತ್ತಾದರೆ ಮುಂದೆ ಮದುವೆಗೆ ತೊಂದರೆ ಅಂತ ಯಾರಾದರೂ ಹೆದರಿಸಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅವಳ ಚಿಕಿತ್ಸೆಯ ವಿಷಯ ಗುಟ್ಟಾಗಿ ಇಡುವುದು ವೈದ್ಯರ ಕರ್ತವ್ಯ. ಅನೊರೆಕ್ಸಿಯಾವನ್ನು ಗುಣ ಮಾಡುವ ಮಾತ್ರೆ ಇಲ್ಲ. ಖಿನ್ನತೆ, ವಿಪರೀತ ಆತಂಕ ಇದ್ದರೆ ಅದಕ್ಕೆ ಔಷಧಿ ಕೊಡಬಹುದು. ಮೊದಲ ನಾಲ್ಕು ವಾರದಲ್ಲಿ ಸುಮಾರು ಎರಡು ಕೆಜಿ ಏರಿದರೆ ಒಳ್ಳೆಯ ಲಕ್ಷಣ. ಪೂರ್ತಿ ಗುಣವಾಗಲು ತಿಂಗಳುಗಳು, ಕೆಲವರಿಗೆ ವರ್ಷಕ್ಕಿಂತ ಜಾಸ್ತಿ ಬೇಕು. ವಾರಕ್ಕೊಮ್ಮೆ ಡಾಕ್ಟ್ರಲ್ಲೇ ತೂಕ ನೋಡಿಸಿ, ಮನೆಯ ತೂಕದ ಯಂತ್ರವನ್ನು ಅಟ್ಟಕ್ಕೆ ಹಾಕಿ.

ಇನ್ನು ಮದುವೆ. ಆ ಹೊತ್ತಿಗೆ ನಾಡಿ, ಬಿಪಿ ಸರಿಯಾಗಿದ್ದು ಡಾಕ್ಟ್ರು ಒಪ್ಪಿದರೆ ಕರೆದುಕೊಂಡು ಹೋಗಿ, ಮನೆಯಲ್ಲಿ ಒಬ್ಬಳನ್ನೇ ಬಿಡಬೇಡಿ. ಆದರೆ ಎರಡು ದಿನ ಮೊದಲೇ ಬಾಯಿ ಜಾಸ್ತಿ ಇರುವ ನೆಂಟರಿಗೆ ನಿಮ್ಮ ಯಜಮಾನರ ಕೈಯಲ್ಲಿ ಫೋನ್ ಮಾಡಿಸಿ: "ಮಗಳಿಗೆ ಹುಷಾರಿಲ್ಲ, ಅವಳ ಮೈ ಬಗ್ಗೆ ಯಾರೂ ಮಾತಾಡಬೇಡಿ. ದಪ್ಪ ಅನ್ನುವುದೂ ಬೇಡ, ಸಪೂರ ಅನ್ನುವುದೂ ಬೇಡ." ಚಂದ ಸಪೂರ ಆಗಿದ್ದಿ ಅನ್ನುವ ಹೊಗಳಿಕೆ ಅವಳಿಗೆ ಈಗ ವಿಷ. "ಮೈ ತುಂಬಿಕೊಂಡಿದ್ದಿ" ಅಂದರೂ ಅವಳ ಕಿವಿಗೆ ದಪ್ಪ ಅಂತಲೇ ಕೇಳುತ್ತದೆ. ಲಂಗ, ರವಿಕೆ ಈಗಿನ ಅಳತೆಗೆ ಬಿಗಿಯಾಗಿ ಹೊಲಿಸಬೇಡಿ, ಸಡಿಲವಾಗಿರಲಿ. ಛತ್ರದಲ್ಲಿ ಊಟ ಯಾವಾಗ ಆಗುತ್ತದೋ ಹೇಳಲು ಬರುವುದಿಲ್ಲ. ಅದಕ್ಕೇ ಹೊರಡುವ ಮೊದಲು ಮನೆಯಲ್ಲೇ ತಿಂಡಿ ತಿನ್ನಿಸಿ, ಹನ್ನೊಂದು ಗಂಟೆಗೆ ಕೊಡಲು ಏನಾದರೂ ಚೀಲದಲ್ಲಿರಲಿ. ಮೊದಲ ಪಂಕ್ತಿಯಲ್ಲೇ ಕೂರಿಸಿ, ಒಂದು ಬದಿಗೆ ನೀವು, ಇನ್ನೊಂದು ಬದಿಗೆ ತಮ್ಮ. ಬಾಳೆಲೆಯ ತುಂಬ ಬಡಿಸಿದ್ದನ್ನು ನೋಡಿ ಅವಳು ಗಾಬರಿಯಾಗುತ್ತಾಳೆ. ಆಗ ಕಿವಿಯಲ್ಲಿ ಮೆಲ್ಲಗೆ ಹೇಳಿ, "ಎಲ್ಲ ಬೇಡ, ಅನ್ನ ಸಾರು, ಪಲ್ಯ, ಪಾಯಸ, ಇಷ್ಟು ನನ್ನ ಜೊತೆ ತಿನ್ನು." ಪಲ್ಯದ ಕಾಯಿತುರಿಯನ್ನು ಅವಳು ಎಲೆಯ ಬದಿಗೆ ತಳ್ಳಿದರೆ ಅಲ್ಲೇ ಏನೂ ಅನ್ನಬೇಡಿ. ಮನೆಗೆ ಬಂದು ಸಂಜೆಯ ತಿಂಡಿಯನ್ನು ಹೊತ್ತಿಗೆ ಸರಿಯಾಗಿ ಮುಂದಿಡಿ.